ಗುಲಾಬಿ ಚೊಂಬಿಗೆ ಬೇವಿನೆಲೆ

ಅಮ್ಮ ತೀರಿಕೊಂಡಾಗ ನಾನಿನ್ನೂ ಚಿಕ್ಕವನು. ನನ್ನಲ್ಲಿ ಉಳಿದಿರುವ ಅವಳ ನೆನಪು ಒಂದೇ: ತ್ಯಾಗರಾಜನಗರದ ಮನೆಯ ಕಿಟಕಿಯ ಬಳಿ, ಗುಲಾಬಿ ಹೂಗಳನ್ನಿಟ್ಟ ಹಿತ್ತಾಳೆ ಚೊಂಬಿಗೆ ಬೇವಿನೆಲೆ ಹಾಕುತ್ತಿರುವ ಕೈ. ಹೂ ಬೇಗ ಬಾಡದಿರಲಿ ಅಂತ. ಮುಖ ಕಾಣುವುದಿಲ್ಲ.

ಇತ್ತೀಚೆಗೆ ಆ ಕೈಯ ಮೇಲೂ ಅನುಮಾನ ಶುರುವಾಯಿತು. ಎಲ್ಲೋ ಓದಿದ್ದನ್ನು ಅಮ್ಮನಿಗೆ ಅಂಟಿಸಿದ್ದೇನೆಯೇ? ಇದೂ ಸುಳ್ಳಾದರೆ ಅವಳು ನನ್ನ ಪಾಲಿಗೆ ಗೋಡೆಯ ಮೇಲಿನ ಫೋಟೊ ಮಾತ್ರ. ರಸಾಯನಶಾಸ್ತ್ರ ಓದಿದವನು, ಸುಮ್ಮನೆ ಕೂರಲಾಗಲಿಲ್ಲ. ಜಯನಗರದಿಂದ ಗುಲಾಬಿ ತಂದು ಮೂರು ಬಾಟಲಿಗಳಲ್ಲಿ ಇಟ್ಟೆ. ಒಂದರಲ್ಲಿ ಬರೀ ನೀರು, ಒಂದರಲ್ಲಿ ಬೇವಿನೆಲೆ, ಇನ್ನೊಂದರಲ್ಲಿ ನಿಂಬೆರಸ ಮತ್ತು ಚಿಟಿಕೆ ಸಕ್ಕರೆ. ಬೇವು ಗೆದ್ದರೆ ನೆನಪು ನಿಜ. ಇದು ತರ್ಕವೇ ಅಲ್ಲ ಎಂದು ಗೊತ್ತಿದ್ದೂ ಗಳಿಗೆಗೊಮ್ಮೆ ಎದ್ದು ಹೋಗಿ ನೋಡುತ್ತಿದ್ದೆ.

“ರೀ, ಇದು ಅಡುಗೆಮನೇನಾ ಲ್ಯಾಬಾ? ಕುಕ್ಕರ್ ಇಡಕ್ಕಾದ್ರೂ ಜಾಗ ಬಿಡಿ,” ಎಂದಳು ಹೆಂಡತಿ.

ಮೂರನೇ ದಿನವೂ ನಿಂಬೆರಸದ ಹೂ ನೆಟ್ಟಗೆ ನಿಂತಿತ್ತು. ಬೇವಿನ ನೀರು ಕದಡಿ, ವಾಸನೆ ಬಂದು, ಅದರ ಹೂ ಎಲ್ಲಕ್ಕಿಂತ ಮೊದಲು ಕತ್ತು ಬಗ್ಗಿಸಿತು. ತಡೆಯಲಾರದೆ ಅಕ್ಕನಿಗೆ ಫೋನ್ ಮಾಡಿದೆ. ಅಮ್ಮ ಹೋದಾಗ ಅವಳು ಕಾಲೇಜು ಓದುತ್ತಿದ್ದಳು.

“ಬೇವಿನೆಲೆ ಹಾಕ್ತಿದ್ದಿದ್ದು ಅಕ್ಕಿ ಡಬ್ಬಕ್ಕೆ ಕಣೋ, ಹುಳ ಬೀಳ್ದಿರ್ಲಿ ಅಂತ. ಎಮ್ಮೆಸ್ಸಿ ಮಾಡಿ ಅಕ್ಕಿಗೂ ಗುಲಾಬಿಗೂ ವ್ಯತ್ಯಾಸ ಗೊತ್ತಾಗ್ಲಿಲ್ವಾ?”

“ಚೊಂಬಿನ ಮೇಲೆ ಅವಳ ಕೈ ಇತ್ತಕ್ಕಾ. ಕೈಯಲ್ಲಿ ಎಲೆ ಇತ್ತು.”

ಅಕ್ಕನ ನಗು ನಿಂತಿತು. “ಎಲೆ ಇರ್ತಿತ್ತು. ಗುಲಾಬಿ ಕಡ್ಡೀದು. ನೀರಲ್ಲಿ ಮುಳುಗಿದ್ರೆ ಕೊಳೆಯುತ್ತೆ ಅಂತ ಕೆಳಗಿನ ಎಲೆ ಎಲ್ಲಾ ಕಿತ್ತು ಎಸೀತಿದ್ಲು. ಆಮೇಲೆ ನಿಂಬೆಹೋಳೇನೋ ಹಿಂಡ್ತಿದ್ಲು ಅನ್ಸುತ್ತೆ. ಅದು ನಂಗೂ ಗ್ಯಾರಂಟಿ ಇಲ್ಲಪ್ಪ.”

ನಾನು ಮೂರು ಬಾಟಲಿಯಲ್ಲೂ ಎಲೆ ಕೀಳದೆಯೇ ಹೂ ಇಟ್ಟಿದ್ದೆ.

ಫೋನ್ ಇಟ್ಟು ಬೇವಿನ ನೀರು ಚೆಲ್ಲಿದೆ. ಬಗ್ಗಿದ ಗುಲಾಬಿಯನ್ನು ಹಿಡಿದು, ಕಡ್ಡಿಯ ಎಲೆಗಳನ್ನು ಮೇಲಿನಿಂದ ಕೆಳಕ್ಕೆ ಸವರಿ ಕಿತ್ತೆ. ಮುಳ್ಳು ಚುಚ್ಚಿತು. ಅಮ್ಮನ ಕೈಯೂ ಹೀಗೇ ಜಾರುತ್ತಿತ್ತೇ? ಕಣ್ಣು ಮುಚ್ಚಿದೆ. ಕಿಟಕಿ, ಚೊಂಬು, ಕೈ. ಎಲೆ ಬೀಳುತ್ತಿದೆ. ಚೊಂಬಿನ ಒಳಗೋ ಹೊರಗೋ, ಎಷ್ಟು ನೋಡಿದರೂ ತಿಳಿಯುವುದಿಲ್ಲ.

ಹೊಸದಾಗಿ ಒಂದು ಕಟ್ಟು ಗುಲಾಬಿ ತರಲು ಚಪ್ಪಲಿ ಮೆಟ್ಟಿದೆ.