ವೆಲ್ಡಿಂಗ್ ಮಷೀನಿಗೆ ಕುಂಕುಮ

ಭಾಗ್ಯಶ್ರೀಯನ್ನು ಅಂಜನಮ್ಮ ಮೊದಲು ಕಂಡದ್ದು ಚಿಕ್ಕಬಾಣಾವರದ ತಮ್ಮ ಮನೆಯ ಮುಂದೆ. ಎಳೆಗೂಸನ್ನು ಎತ್ತುವಂತೆ ಆಟೋದಿಂದ ವೆಲ್ಡಿಂಗ್ ಮಷೀನೊಂದನ್ನು ಇಳಿಸುತ್ತಿದ್ದಳು. ಕೊಪ್ಪಳದ ಕಡೆಯ ಹೆಣ್ಣುಮಗಳು, ಮಷೀನು ರಿಪೇರಿ ಕಸುಬು. ಕೊಟ್ಟಿಗೆಯ ಪಕ್ಕದ ಶೆಡ್ಡು ಬಾಡಿಗೆಗೆ ಬೇಕೆಂದಳು. ನಗುಮುಖ ನೋಡಿ ಅಂಜನಮ್ಮ ಬೀಗದ ಕೈ ಕೊಟ್ಟೇಬಿಟ್ಟರು.

ವಾರ ತುಂಬುವ ಮೊದಲೇ ಶೆಡ್ಡು ಢಂ ಎಂದಿತು. ಹಾಲು ಕರೆಯುತ್ತಿದ್ದ ಅಂಜನಮ್ಮನವರ ಮಡಿಲಿಗೆ ಬಕೆಟ್ಟು, ಬಕೆಟ್ಟಿನೊಳಗೆ ಹಸುವಿನ ಕಾಲು.

“ಏನಮ್ಮೀ, ಬಾಂಬು ಗೀಂಬು ಮಾಡ್ತಿದ್ದೀಯಾ?”

“ಕೆಪಾಸಿಟರ್ ರೀ ಅಮ್ಮಾರ. ಪ್ಲಗ್ ಕಿತ್ತರೂ ಈ ಡಬ್ಬಿಯಾಗ ಕರೆಂಟು ಕುಂತಿರತೈತ್ರಿ. ಸ್ಕ್ರೂಡ್ರೈವರ್ ಹಚ್ಚಿ ಹೊರಗ ಹಾಕಿದೆ.”

“ಇನ್ನೊಂದ್ಸಲ ಇಂಗೆ ಸದ್ದಾದ್ರೆ ಶೆಡ್ಡು ಖಾಲಿ ಮಾಡು, ಅಷ್ಟೇ.”

ಅಂಥ ಜಾಗ ಇನ್ನೆಲ್ಲಿ ಸಿಗಬೇಕು? ಭಾಗ್ಯಶ್ರೀ ಸದ್ದಿಲ್ಲದ ದಾರಿಯೊಂದನ್ನು ಹುಡುಕಿಕೊಂಡಳು. ಶೆಡ್ಡು ತೆಪ್ಪಗಾಯಿತು.

ಆಯುಧಪೂಜೆ ಬಂತು. ನೀರಲ್ಲಿ ಕಲೆಸಿದ ಕುಂಕುಮದ ಬಟ್ಟಲು ಹಿಡಿದು ಅಂಜನಮ್ಮ ಶೆಡ್ಡಿಗೆ ನುಗ್ಗಿದರು. ಸುತ್ತಿಗೆಗೆ, ಇಕ್ಕಳಕ್ಕೆ, ಫ್ಯಾನಿಗೆ ಇಟ್ಟರು. ಆಗ ತಾನೇ ಪ್ಲಗ್ ಕಿತ್ತು ತೆರೆದಿಟ್ಟಿದ್ದ ಮಷೀನಿನೊಳಕ್ಕೂ ಒದ್ದೆ ಬೆರಳು ಚಾಚಿದರು. ಭಾಗ್ಯಶ್ರೀ ಹಾರಿ ಬಂದು ಕೈ ಹಿಡಿದಳು.

“ಮುಟ್ಟಬ್ಯಾಡ್ರಿ, ಇನ್ನೂ ತುಂಬೈತಿ. ಖಾಲಿ ಮಾಡ್ತೀನಿ, ತಡೀರಿ.”

“ಢಂ ಅನ್ನಿಸಿದ್ಯೋ, ಈಗ್ಲೇ ಗಂಟುಮೂಟೆ ಕಟ್ಟು,” ಎಂದು ಅಂಜನಮ್ಮ ಕುಂಕುಮದ ಕೈಯಲ್ಲೇ ಕಿವಿ ಮುಚ್ಚಿ ಕಣ್ಣನ್ನೂ ಮುಚ್ಚಿಕೊಂಡರು.

ಭಾಗ್ಯಶ್ರೀ ಕೈಗವಸು ಹಾಕಿ, ಸಾಲಾಗಿ ಜೋಡಿಸಿದ್ದ ಎರಡು ಬಲ್ಬುಗಳ ತಂತಿಗಳನ್ನು ಕೆಪಾಸಿಟರಿನ ಎರಡು ತುದಿಗೆ ಹಿಡಿದಳು. ಬಲ್ಬುಗಳು ಫಳ್ಳನೆ ಹೊತ್ತಿ, ಕೆಂಪಾಗಿ, ಮೆಲ್ಲಗೆ ಆರಿದವು. ತುಸು ಹೊತ್ತು ಹಾಗೆಯೇ ಹಿಡಿದು, ಮೀಟರಿಟ್ಟು ನೋಡಿದಳು. ಸೊನ್ನೆ.

ಅಂಜನಮ್ಮ ಯಾವಾಗಲೋ ಒಂದು ಕಣ್ಣು ತೆರೆದಿದ್ದರು.

“ಇಷ್ಟೇನಾ?”

“ಇಷ್ಟ ರೀ. ಈಗ ಇಡ್ರಿ ಕುಂಕುಮ.”

“ಕುಂಕುಮ ಇರ್ಲಿ, ಇನ್ನೊಂದ್ಸಲ ಹತ್ತಿಸು.”

“ಒಳಗ ಏನೂ ಉಳಿದಿಲ್ರಿ.”

“ತುಂಬು ಮತ್ತೆ. ಯಾರು ಬ್ಯಾಡ ಅಂದ್ರು?”

ಭಾಗ್ಯಶ್ರೀ ತುಂಬಿದಳು, ಹತ್ತಿಸಿದಳು, ಮತ್ತೆ ತುಂಬಿದಳು. ಅಂಜನಮ್ಮ ಕುಂಕುಮ ಮೆತ್ತಿದ ಕೆನ್ನೆಯಲ್ಲೇ ಬೀದಿಗೋಡಿ ನಾಲ್ಕು ಮನೆಯವರನ್ನು ಕರೆತಂದರು. ಶೆಡ್ಡು ಖಾಲಿ ಮಾಡಿಸುವ ಮಾತನ್ನು ಆಮೇಲೆ ಯಾರೂ ಕೇಳಲಿಲ್ಲ.

ಈಗ ಬಂದಿರುವ ತೊಂದರೆಯೇ ಬೇರೆ. ತಾವಿಲ್ಲದೆ ಬಲ್ಬು ಹತ್ತಿಸಕೂಡದೆಂದು ಅಂಜನಮ್ಮನವರ ಕಟ್ಟಪ್ಪಣೆ. ಹೀಗಾಗಿ ಭಾಗ್ಯಶ್ರೀ ಮಷೀನು ಬಿಚ್ಚಿಟ್ಟು, ಅವಸರ ಪಡುವ ಗಿರಾಕಿಗಳಿಗೆ ಚಹಾ ಕೊಟ್ಟು ಕೂರಿಸಿ, “ಅಮ್ಮಾರ, ಬರ್ರಿ, ರೆಡಿ ಐತಿ” ಎಂದು ಮಹಡಿಯ ಕಡೆಗೆ ಕೂಗುತ್ತಿರುತ್ತಾಳೆ.