ಹಿಂದಿನ ಮನೆಯವರ ಕೋಳಿ

ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ತತ್ತಿ ಎಂಬುದು ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ. ಹೋದ ವರ್ಷ ಹೆಂಡತಿಗೆ ದೊಡ್ಡ ಆಪರೇಷನ್ ಆಗಿ, ಗೋಡೆ ಹಿಡಿದು ನಡೆಯುವಂತಾದಾಗ, ದಿನಾ ತತ್ತಿ ತಿನ್ನಲೇಬೇಕು ಎಂದರು ಡಾಕ್ಟರು. ಬೆಟಗೇರಿಯ ನಮ್ಮ ಓಣಿಯ ಅಂಗಡಿಯಲ್ಲಿ ನಾನು ತತ್ತಿ ಕೇಳಿದರೆ ಸಂಜೆಯೊಳಗೆ ಖಬರು ಮಠ ಮುಟ್ಟುತ್ತಿತ್ತು. ಅದಕ್ಕೆ ಹರ್ತಿ ಹಳ್ಳಿಯಿಂದ ಮೂರು ಹೇಂಟೆ ತಂದು ಹಿತ್ತಲಲ್ಲಿ ಬಿಟ್ಟೆ. ಕೂಗುತ್ತದೆಂದು ಹುಂಜ ತರಲಿಲ್ಲ. ತತ್ತಿ ಇಟ್ಟ ಹೇಂಟೆ ಊರಿಗೆಲ್ಲ ಡಂಗುರ ಹೊಡೆಯುತ್ತದೆ ಎಂಬುದು ನನ್ನಂಥ ಶಾಣ್ಯಾನಿಗೆ ಹೇಗೆ ಗೊತ್ತಿರಬೇಕು? ಯಾರಾದರೂ ಕೇಳಿದರೆ ಹಿಂದಿನ ಮನೆಯವರ ಕೋಳಿ ಎಂದುಬಿಡುತ್ತಿದ್ದೆ.

ಹೆಂಡತಿ ಮೊದಲ ತತ್ತಿಯನ್ನು ಮೂಗು ಮುಚ್ಚಿಕೊಂಡು, ಅತ್ತು ತಿಂದಳು. ಬರಬರುತ್ತ ಕೋಳಿಗಳ ಮೇಲೆ ಜೀವ ಇಟ್ಟಳು. ಮುಂಗುಸಿ ನೆಲ ಕೆದರಿ ನುಗ್ಗುತ್ತದೆಂದು ಗೂಡಿನ ಬುಡದ ಸುತ್ತ ಕಲ್ಲು ಹೂಳಿಸಿದಳು. ಹದ್ದು ಎರಗದಂತೆ ಗೂಡಿನ ಮುಂದಿನ ಜಾಗಕ್ಕೆ ತನ್ನ ಹಳೆಯ ಸೀರೆಯ ಚಪ್ಪರ ಕಟ್ಟಿಸಿದಳು. ಎಲ್ಲಕ್ಕೂ ಆಳು ನಾನೇ.

"ಬಿಂಕದಕಟ್ಟಿ ಝೂದಾಗ ಹುಲಿಗೂ ಇಷ್ಟು ಬಂದೋಬಸ್ತ್ ಇರಾಂಗಿಲ್ಲ" ಎಂದು ಕಾಡಿಸಿದೆ.

"ಹುಲಿನ್ನ ಯಾರೂ ತಿನ್ನಾಂಗಿಲ್ಲಲ್ರಿ" ಎಂದಳು.

ನನ್ನಣ್ಣ ಲಕ್ಷ್ಮೇಶ್ವರದಲ್ಲಿ ಕಾಳಿನ ವ್ಯಾಪಾರಿ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟದವನು. ಅವಳನ್ನು ಮಾತಾಡಿಸಲು ಬರುತ್ತಿದ್ದೇನೆಂದು ಅವನು ಫೋನ್ ಮಾಡಿದ್ದೇ ತಡ, ಕಳ್ಳನ ಮನಸ್ಸು ಹುಳ್ಳುಳ್ಳಗಾಯಿತು. ಕೋಳಿಗಳನ್ನು ಹೊರಗಟ್ಟಿ, ಗೂಡಿನ ಮೇಲೆ ತಾಡಪಾಲು ಹೊದಿಸಿ, ಬಾಗಿಲಿಗೆ ಅಡ್ಡ ಕಟ್ಟಿಗೆ ಒಟ್ಟಿದೆ. ಸೀರೆಯನ್ನೂ ಬಿಚ್ಚಿದೆ. ಗೂಡೇ ಕಾಣದಿದ್ದರೆ ಕೋಳಿ ನಮ್ಮವೆಂದು ಯಾರು ಹೇಳುತ್ತಾರೆ?

"ಅವು ಎಲ್ಲಿ ಅಡಗಬೇಕ್ರಿ?" ಎಂದು ಹೆಂಡತಿ ಕೇಳಿದಳು.

"ಒಂದ್ ತಾಸಿನ ಮಾತು. ನೀ ಸುಮ್ಮನ ಇರು."

ಬಿಚ್ಚಿದ ಸೀರೆಯನ್ನು ಮಡಚಿಕೊಂಡು ಅವಳು ಒಳಗೆ ಹೋದಳು.

ಅಣ್ಣ ಹಿತ್ತಲ ಕಟ್ಟೆಯ ಮೇಲೆ ಚಹಾ ಹಿಡಿದು ಕೂತ. ಕೆದರುತ್ತಿದ್ದ ಕೋಳಿಗಳನ್ನು ನೋಡಿ ಯಾರವೆಂದು ಕೇಳಿದ. ಹಿಂದಿನ ಮನೆಯವರವು ಎಂದೆ. ಹೆಂಡತಿ ಬಾಗಿಲಲ್ಲಿ ನೆಲ ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಕಾಂಪೌಂಡಿನ ಬುಡದಲ್ಲಿ ಮುಂಗುಸಿಯೊಂದು ಕಾಣಿಸಿತು. ಅಣ್ಣ ಕಪ್ಪು ಕೆಳಗಿಟ್ಟು ಕೈಮುಗಿದ.

"ಮುಂಗಲಿ ಕಂಡ್ರ ಚಲೋ ಶಕುನ. ಮನಿಗೆ ಒಳ್ಳೇದಾಕ್ಕೈತಿ ನೋಡು."

ಅವನ ಜೊತೆಗೆ ನಾನೂ ಕೈಮುಗಿದೆ.

ಮುಂಗುಸಿ ನೇರ ಬಂದು ಬೂದು ಬಣ್ಣದ ಹೇಂಟೆಯ ಕುತ್ತಿಗೆಗೆ ಬಾಯಿ ಹಾಕಿತು. ಕೋಳಿ ಒದರಿತು. ಕಟ್ಟಿಗೆಯ ರಾಶಿ ನನ್ನ ಕೈಗೆಟಕುವಂತಿತ್ತು. ಎದ್ದರೆ ನಮ್ಮವೆಂದು ಅಣ್ಣನಿಗೆ ತಿಳಿಯುತ್ತದೆ, ತಲೆಗೆ ಬಂದದ್ದು ಇಷ್ಟೇ. ಮಂದಿಯ ಕೋಳಿಯಾದರೂ ಎದ್ದು ಬಿಡಿಸುತ್ತಾರೆ ಎಂಬಷ್ಟು ಬುದ್ಧಿಯೂ ಓಡಲಿಲ್ಲ. ಮುಗಿದ ಕೈ ಮುಗಿದಂತೆಯೇ ಕೂತಿದ್ದೆ.

ಹೆಂಡತಿ ಕಸಬರಿಗೆ ಹಿಡಿದು ಓಡಿದಳು. ಆಪರೇಷನ್ ಆದ ಮೇಲೆ ಅವಳು ಓಡಿದ್ದನ್ನು ನಾನು ಕಂಡಿರಲಿಲ್ಲ. ಮುಂಗುಸಿ ಕೋಳಿಯನ್ನು ಬಿಟ್ಟು ಗೋಡೆ ಹಾರಿತು. ಅವಳು ಹೇಂಟೆಯನ್ನು ಮಡಿಲಿಗೆ ಎಳೆದುಕೊಂಡು, ಇನ್ನೊಂದು ಕೈಯಲ್ಲಿ ಹೊಟ್ಟೆ ಒತ್ತಿ ಹಿಡಿದು ಮಣ್ಣಿನಲ್ಲೇ ಕುಸಿದು ಕೂತಳು. ಉಸಿರು ಹತೋಟಿಗೆ ಬಂದ ಮೇಲೆ ಅಣ್ಣನ ಕಡೆ ತಿರುಗಿದಳು.

"ನಮ್ಮವ ಅದಾವ್ರಿ. ಡಾಕ್ಟರ್ ಹೇಳ್ಯಾರ, ತತ್ತಿ ನಾನ ತಿಂತೀನಿ. ಇವರಿಗೆ ಮನಸಿರಲಿಲ್ಲ, ನಾನ ಹಟ ಮಾಡಿ ತರಿಸೀನಿ."

ಅದು ಖರೆ ಅಲ್ಲ. ತಂದವನು ನಾನು, ಬೇಡವೆಂದು ಅತ್ತವಳು ಅವಳು. ಅಣ್ಣನಿಗೆ ಅದನ್ನು ನಾನು ಹೇಳಲಿಲ್ಲ.

ಒಳಗಿಂದ ಅರಿಷಿಣ ತಂದುಕೊಡಲು ಹೇಳಿದಳು. ತಂದೆ. ಗಾಯಕ್ಕೆ ಹಚ್ಚುವಾಗ ಹೇಂಟೆ ಕೊಸರಾಡಿತು.

"ಸ್ವಲ್ಪ ಹಿಡಕೋರಿ" ಎಂದಳು.

ಕೈ ಚಾಚುವ ಮೊದಲು ನಾನು ಅಣ್ಣನ ಮುಖ ನೋಡಿದೆ. ನೋಡಿದ್ದನ್ನು ಅವಳು ಕಂಡಳು. ಕೋಳಿಯನ್ನು ತನ್ನ ಎದೆಗೇ ಒತ್ತಿಕೊಂಡಳು.

"ಬ್ಯಾಡ ಬಿಡ್ರಿ. ಬಿಳೇ ಅಂಗಿ ಐತಿ, ರಕ್ತ ಹತ್ತತೈತಿ. ದೂರ ಸರೀರಿ" ಎಂದಳು, ಅಣ್ಣನಿಗೂ ಕೇಳುವಷ್ಟು ಗಟ್ಟಿಯಾಗಿ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಆ ನೋವಿನಲ್ಲೂ ಅಣ್ಣನೆದುರು ನನ್ನ ಮರ್ಯಾದೆ ಕಾಯುತ್ತಿದ್ದಳು. ನಾಚಿಕೆಯಿಂದ ನನ್ನ ಕಿವಿಗಳು ಕಾದವು. ಆದರೂ ಅವಳು ಹೇಳಿದಂತೆ ದೂರ ಸರಿದು ನಿಂತೆ.