ಬಂಗಾರಿಗೆ ಕೊಟ್ಟ ತುತ್ತು

ಭಾನುವಾರ ಬೆಳಗ್ಗೆ ಎಂಟಾಗುವಷ್ಟರಲ್ಲಿ ಯಶೋದಮ್ಮನ ಇಡ್ಲಿ ಪಾತ್ರೆಗಳು ವನ್ಯಜೀವಿ ಉದ್ಯಾನದ ಬಾಗಿಲಿಗೆ ಬಂದು ಇಳಿಯುತ್ತಿದ್ದವು. ವಡೋದರಾದಿಂದ ಕೊಯಾಲಿಯ ಕಡೆಗೆ ಹೋಗುವ ದಾರಿಯಲ್ಲಿ, ಮಹಿ ನದಿಯ ಕೊರಕಲುಗಳ ಅಂಚಿನಲ್ಲಿರುವ ಉದ್ಯಾನವದು. ಅಲ್ಲಿಯ ಟಿಕೆಟ್ಟಿನ ಹಣ ಗಾಯಗೊಂಡ ಹಕ್ಕಿಗಳ, ಆಮೆಗಳ ಆರೈಕೆಗೆ ಹೋಗುತ್ತಿತ್ತು. ಭಾನುವಾರದ ತಿಂಡಿಯ ಗಳಿಕೆ ಕಿವಿ ಕೇಳದ ಮಕ್ಕಳ ಶಾಲೆಗೆ, ಶ್ರವಣಯಂತ್ರ ಕೊಳ್ಳಲು.

"ಆಂಟಿ, ನಿಮ್ಮ ಚಟ್ನಿಯಿಂದ ನಾಲ್ಕು ಮಕ್ಕಳು ಕೇಳಿಸಿದರು" ಎಂದಳು ಒಮ್ಮೆ ಉದ್ಯಾನದ ಪಶುವೈದ್ಯೆ ದೀಪ್ತಿ. ಅವಳ ತಂದೆ ಮೈಸೂರಿನವರು, ಅಹಮದಾಬಾದಿನ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸಕ್ಕಿದ್ದವರು; ಅವಳು ಬೆಳೆದದ್ದೆಲ್ಲ ಗುಜರಾತಿನಲ್ಲೇ.

"ಕೇಳಿಸಿಕೊಂಡರು ಅನ್ನು ಮಾರಾಯ್ತಿ! ನಿನ್ನ ಕನ್ನಡಕ್ಕೂ ಒಂದು ಯಂತ್ರ ಹಾಕಬೇಕು" ಎಂದು ಯಶೋದಮ್ಮ ನಕ್ಕು, ಅವಳ ತಟ್ಟೆಗೆ ಇನ್ನೊಂದು ವಡೆ ಹಾಕಿದ್ದರು.

ಯಶೋದಮ್ಮನ ಗಂಡ ಪದ್ಮನಾಭರಾಯರು ಕುಂದಾಪುರದ ಕಡೆಯವರು. ಕೊಯಾಲಿ ಟೌನ್‌ಶಿಪ್ಪಿನ ಎದುರು ಇಪ್ಪತ್ತಾರು ವರ್ಷ ಉಡುಪಿ ಹೋಟೆಲು ನಡೆಸಿ, ನಾಲ್ಕು ವರ್ಷದ ಹಿಂದೆ ತೀರಿಕೊಂಡರು. ಅವರು ಬಿಟ್ಟುಹೋದದ್ದರಲ್ಲಿ ಉಸಿರಾಡುವಂಥದ್ದೆಂದರೆ ಒಂದು ನಕ್ಷತ್ರ ಆಮೆ, ಬಂಗಾರಿ. ಹೆದ್ದಾರಿಯ ಬದಿಯಲ್ಲಿ ಯಾರೋ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದ ಮರಿಯನ್ನು ಕನಿಕರಪಟ್ಟು ತಂದಿದ್ದರು. ದಿನವೂ ಮೊದಲ ಒಬ್ಬೆಯ ಇಡ್ಲಿಯನ್ನು ಹಾಲಿನಲ್ಲಿ ಹಿಚುಕಿ, ಅಡುಗೆಮನೆಯ ನೆಲದ ಮೇಲೆ ಕುಳಿತು ತಾವೇ ತಿನ್ನಿಸುತ್ತಿದ್ದರು. ಬರಬರುತ್ತ ಅದರ ಚಿಪ್ಪಿನ ಮೇಲೆ ಉಬ್ಬುಗಳೆದ್ದವು. "ನೋಡಿ, ದೇವಸ್ಥಾನದ ಗೋಪುರದ ಹಾಗೆ ಉಂಟು!" ಎಂದು ಗಿರಾಕಿಗಳನ್ನೆಲ್ಲ ಒಳಕ್ಕೆ ಕರೆದು ತೋರಿಸುತ್ತಿದ್ದರು. ಅವರು ಹೋದ ಮೇಲೆ ಹೋಟೆಲನ್ನೂ ಬಂಗಾರಿಯ ತುತ್ತನ್ನೂ ಯಶೋದಮ್ಮ ಹಾಗೆಯೇ ಮುಂದುವರಿಸಿದ್ದರು.

ಉದ್ಯಾನದಲ್ಲಿ ಒಂದು ಫಲಕವಿತ್ತು. ಮನೆಯಲ್ಲಿ ಸಾಕಿದ ನಕ್ಷತ್ರ ಆಮೆಗಳನ್ನು ತಂದೊಪ್ಪಿಸಿ, ಯಾರೂ ಗದರುವುದಿಲ್ಲ; ಆರೋಗ್ಯವಾಗಿದ್ದವನ್ನು ಕಚ್ಛಿನ ಮುಳ್ಳುಪೊದೆಗಳ ನಡುವೆ ಬಿಡಲಾಗುವುದು ಎಂದು ಬರೆದಿತ್ತು. ಯಶೋದಮ್ಮ ಅದನ್ನು ಆರು ಭಾನುವಾರ ಓದಿದರು. ಆಮೆಯನ್ನು ಕೊಟ್ಟರೆ ಮನೆ ಪೂರ್ತಿ ಖಾಲಿಯಾಗುತ್ತದೆ. ಆದರೆ ಅದು ಒಂದು ದಿನವೂ ಮಣ್ಣು ಮೆಟ್ಟಿದ್ದಿಲ್ಲ. ಏಳನೆಯ ಭಾನುವಾರ ಅದನ್ನು ಹತ್ತಿಯ ಟವೆಲ್ಲಿನಲ್ಲಿ ಸುತ್ತಿ ತಂದರು. ಹಜೀರಾದ ಕಂಪನಿಯಲ್ಲಿದ್ದ ಮಗಳು ಅಕ್ಷತಾ ರಜೆಯ ಮೇಲೆ ಬಂದಿದ್ದವಳು ಜೊತೆಗಿದ್ದಳು.

ದೀಪ್ತಿ ಚಿಪ್ಪನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದಳು. ಚಿಪ್ಪು ತಗ್ಗಿತು.

"ಆಂಟಿ, ಇದಕ್ಕೆ ಏನು ಹಾಕ್ತಿದ್ರಿ?"

"ನಾವು ತಿಂದದ್ದೇ. ಇಡ್ಲಿ, ಹಾಲು. ಹುಷಾರುಂಟಲ್ಲ? ಕಚ್ಛಿಗೆ ಕಳಿಸ್ತೀರಲ್ಲ?"

ದೀಪ್ತಿ ಆಮೆಯನ್ನು ಮೆಲ್ಲನೆ ಟವೆಲ್ಲಿನ ಮೇಲಿಟ್ಟಳು. ಅದು ಬಯಲಿನ ಹುಲ್ಲು, ಸೊಪ್ಪು ತಿನ್ನಬೇಕಾದ ಜೀವ. ಬಿಸಿಲಿಲ್ಲದೆ, ಈ ಆಹಾರದಿಂದ ಎಲುಬೆಲ್ಲ ಮೆತ್ತಗಾಗಿದೆ. ಉಬ್ಬುಗಳು ಚೆಂದವಲ್ಲ, ರೋಗ ಎಂದಳು. "ಮರಿಯಿಂದ ಹೀಗೆ ತಿನ್ನಿಸಿದ್ದು ಯಾರು?"

"ನಾನು" ಎಂದರು ಯಶೋದಮ್ಮ.

ಅಕ್ಷತಾ ಬೆಚ್ಚಿ ನೋಡಿದಳು. "ಅಮ್ಮಾ, ಪಪ್ಪಾನೇ ಅಲ್ವಾ ಡೇಲಿ..."

"ನೀನು ಸುಮ್ಮನಿರು. ನಾನೇ."

ಹೊರಗೆ ಬಂದ ಮೇಲೆ ಮಗಳು ಕೇಳಿದಳು: "ಝೂಟ್ ಯಾಕೆ ಹೇಳಿದ್ದು?"

"ಅವರಿಗೆ ಉತ್ತರ ಕೊಡ್ಲಿಕ್ಕೆ ಬಾಯಿ ಉಂಟಾ ಈಗ? ನಂಗುಂಟು. ಬೈಗುಳ ನಂಗೇ ಬರಲಿ."

ಹತ್ತೊಂಬತ್ತು ದಿನ ಔಷಧಿ, ಬಿಸಿಲು, ಎಳೆಯ ಸೊಪ್ಪು ಎಲ್ಲವೂ ನಡೆಯಿತು. ಬಂಗಾರಿ ಸೊಪ್ಪನ್ನು ಮೂಸಿ ನೋಡಿ ಮುಖ ತಿರುಗಿಸುತ್ತಿತ್ತು. ಅದು ತಿನ್ನುವ ವಸ್ತುವೆಂದೇ ಅದಕ್ಕೆ ತಿಳಿದಿರಲಿಲ್ಲ. ಇಪ್ಪತ್ತನೆಯ ದಿನ ಬಂಗಾರಿ ಹೋಯಿತು ಎಂದು ದೀಪ್ತಿ ಫೋನು ಮಾಡಿದಳು. ಯಶೋದಮ್ಮ "ಆಯ್ತು ಮಗಾ" ಎಂದಷ್ಟೇ ಹೇಳಿ, ಗ್ಯಾಸು ಆರಿಸಿ, ಆ ದಿನ ಹೋಟೆಲು ತೆರೆಯಲಿಲ್ಲ.

ತಿಂಗಳು ಕಳೆದ ಮೇಲೆ ದೀಪ್ತಿ ಸಂಕೋಚದಿಂದ ಒಂದು ಮಾತು ಕೇಳಿದಳು. ಇನ್ನೂ ಎಷ್ಟೋ ಮನೆಗಳಲ್ಲಿ ಹೀಗೆಯೇ ಆಮೆಗಳಿವೆ, ಜನರಿಗೆ ತಿಳಿಸಲು ಹೊಸ ಫಲಕ ಮಾಡುತ್ತಿದ್ದೇವೆ, ಬಂಗಾರಿಯ ಫೋಟೋ ಇದ್ದರೆ ಕೊಡುವಿರಾ ಎಂದು. ಇದ್ದದ್ದು ಒಂದೇ ಫೋಟೋ. ಎರಡು ದಿನ ಯಶೋದಮ್ಮ ಅದನ್ನು ದಿಂಬಿನ ಅಡಿಯಲ್ಲಿಟ್ಟುಕೊಂಡು, ಮೂರನೆಯ ದಿನ ತಂದುಕೊಟ್ಟರು.

ಚಿತ್ರದಲ್ಲಿ ಬಂಗಾರಿ ಕತ್ತು ಚಾಚಿತ್ತು. ಅದರ ಬಾಯಿಗೆ ಇಡ್ಲಿ ಹಿಡಿದಿದ್ದ ಕೈ ಗಂಡಸಿನದು. ಮಣಿಕಟ್ಟಿನಲ್ಲಿ ದಪ್ಪ ವಾಚು, ಬೆರಳಿನಲ್ಲಿ ಹರಳಿನ ಉಂಗುರ. ದೀಪ್ತಿ ಆ ಕೈಯನ್ನು ನೋಡಿದಳು, ಯಶೋದಮ್ಮನನ್ನು ನೋಡಿದಳು.

"ಕೈಯನ್ನು ಕಟ್ ಮಾಡಿಸಲಾ ಆಂಟಿ?"

ಯಶೋದಮ್ಮ ಸೆರಗಿನ ಅಂಚಿನಿಂದ ಫೋಟೋವನ್ನು ಒರೆಸಿದರು. "ಕೈ ಇಲ್ಲದಿದ್ರೆ ಜನಕ್ಕೆ ಎಂತ ಗೊತ್ತಾಗ್ತದೆ? ಇರಲಿ."

ಫಲಕ ತಿಂಡಿ ಅಂಗಡಿಯ ಎದುರಿಗೇ ಬಂತು. ಚಿತ್ರದ ಮೇಲೆ ಗುಜರಾತಿಯಲ್ಲಿ ದಪ್ಪ ಅಕ್ಷರಗಳು: ಹೀಗೆ ಮಾಡಬೇಡಿ. ಮೊದಲ ಭಾನುವಾರವೇ ಒಬ್ಬ ಹೆಂಗಸು ಅದರ ಮುಂದೆ ನಿಂತು ಲೊಚಗುಟ್ಟಿದಳು. "ಕೈಸಾ ನಿರ್ದಯೀ ಆದ್ಮೀ ಹೋಗಾ!" ಎನ್ನುತ್ತಲೇ ತಿರುಗಿ ಬಂದು ತಟ್ಟೆ ಚಾಚಿದಳು.

ಯಶೋದಮ್ಮ ಸೌಟು ಎತ್ತಿದರು. ನಿರ್ದಯಿಯಲ್ಲ, ಅವರು ನಿರ್ದಯಿಯಲ್ಲ ಎಂಬ ಮಾತು ಗಂಟಲವರೆಗೆ ಬಂತು. ಸಾಂಬಾರು ಬಡಿಸಿ, ಇನ್ನಷ್ಟು ಹಾಕಲೇ ಎಂಬಂತೆ ಸೌಟು ಹಿಡಿದೇ, "ಔರ್ ದೂಂ ಬೆಹೆನ್?" ಎಂದು ಕೇಳಿದರು.